ನಿಮ್ಮ ಹೆಸರು ಇರುವ ಅಂಗಡಿಯಲ್ಲಿ ನೀವೂ ಇರಬೇಕು

ಪ್ರಶ್ನೆ: ಮೇಡಂ, ನಾನು ಈ ವರ್ಷ ಬಿ.ಫಾರ್ಮ್ ಮುಗಿಸಿದೆ. ಊರು ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಒಂದು ಹಳ್ಳಿ. ಫಾರ್ಮಸಿ ಕೌನ್ಸಿಲ್ ರಿಜಿಸ್ಟ್ರೇಶನ್ ಕೈಗೆ ಬಂದಿದೆ. ಈಗ ಮೂರು ದಾರಿ ಕಾಣುತ್ತಿದೆ. ಹಾಸನದ ಒಂದು ಖಾಸಗಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಇದೆ, ಸಂಬಳ ಕಡಿಮೆ, ಶಿಫ್ಟ್ ಕೆಲಸ. ಬೆಂಗಳೂರಿನ ಒಂದು ಔಷಧ ಕಂಪನಿಯಲ್ಲಿ ಟ್ರೈನಿ ಕೆಲಸ ಸಿಗಬಹುದು. ಇನ್ನು ಪರಿಚಯದವರೊಬ್ಬರು, 'ನಿನ್ನ ಸರ್ಟಿಫಿಕೇಟ್ ನಮ್ಮ ಮೆಡಿಕಲ್ಸ್‌ಗೆ ಕೊಡು, ತಿಂಗಳಿಗೆ 6,000 ರೂಪಾಯಿ ಕೊಡ್ತೀವಿ, ನೀನು ಬರೋದೂ ಬೇಡ' ಅಂತಿದ್ದಾರೆ. ಅದನ್ನ ತಗೊಂಡು ಮನೆಯಲ್ಲೇ ಸರ್ಕಾರಿ ಪರೀಕ್ಷೆಗೆ ಓದು ಅನ್ನೋದು ಅಪ್ಪನ ಮಾತು. ನಿಜ ಹೇಳಬೇಕಂದ್ರೆ ನನಗೆ ಭಯ. ಡಾಕ್ಟರ್ ಚೀಟಿ ಓದೋಕೆ ಬರಲ್ಲ. ಬ್ರಾಂಡ್ ಹೆಸರುಗಳೂ ಗೊತ್ತಿಲ್ಲ. ನಾಲ್ಕು ವರ್ಷ ಓದಿ ಏನೂ ಕಲಿತಿಲ್ಲ ಅನ್ನಿಸುತ್ತೆ. ಏನು ಮಾಡಲಿ? ಇನ್ನೊಂದು ಸಣ್ಣ ಪ್ರಶ್ನೆ: ಬಿಳಿ ಕೋಟು ಹಾಕಿಕೊಂಡು ಕೌಂಟರ್‌ನಲ್ಲಿ ನಿಂತರೆ ಜನ ನಗ್ತಾರಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ನಿಂತಿದ್ದು ಆ 6,000 ರೂಪಾಯಿ ಮೇಲೆ. ಎರಡನೇ ಸಲ 'ಭಯ' ಅನ್ನೋ ಮಾತಿನ ಮೇಲೆ. ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಯಾಕಂದ್ರೆ ಅದಕ್ಕೆ ನೀವು ಬೇಗ ಹೌದು ಅಥವಾ ಇಲ್ಲ ಅನ್ನಬೇಕಾಗಿದೆ.

ಇಲ್ಲ ಅನ್ನಿ. ಸರ್ಟಿಫಿಕೇಟ್ ಕೊಡಬೇಡಿ.

1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ನಿಮಗೆ ಪರೀಕ್ಷೆಗೆ ಬಂದಿರಬೇಕು. ಡಾಕ್ಟರ್ ಚೀಟಿಗೆ ಔಷಧಿ ಕೊಡುವವರು ರಿಜಿಸ್ಟರ್ ಆದ ಫಾರ್ಮಸಿಸ್ಟೇ ಆಗಿರಬೇಕು ಅಂತ ಅದು ಹೇಳುತ್ತೆ. ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆಯ ಕೆಳಗೆ ಬರುವ ನಿಯಮಗಳಲ್ಲಿ 65ನೇ ನಿಯಮವೂ ಅದನ್ನೇ ಹೇಳುತ್ತೆ. ಫಾರ್ಮಸಿಸ್ಟ್ ಖುದ್ದಾಗಿ ನಿಂತು ನೋಡಿಕೊಳ್ಳಬೇಕು. ನೀವು ಮನೆಯಲ್ಲಿ ಕೂತು ಓದುತ್ತಿರುವ ಹೊತ್ತಿಗೆ, ಹತ್ತನೇ ಕ್ಲಾಸ್ ಓದಿದ ಹುಡುಗನೊಬ್ಬ ಯಾರಿಗೋ ತಪ್ಪು ಮಾತ್ರೆ ಕೊಟ್ಟ ಅಂದುಕೊಳ್ಳಿ. ಗೋಡೆ ಮೇಲಿನ ಲೈಸೆನ್ಸ್ ಜೊತೆ ಯಾರ ಹೆಸರಿದೆ? ನಿಮ್ಮದು. ಡ್ರಗ್ ಇನ್ಸ್‌ಪೆಕ್ಟರ್ ಬಂದು ಕೇಳುವುದೂ ನಿಮ್ಮನ್ನೇ. ಕೌನ್ಸಿಲ್ ಮನಸ್ಸು ಮಾಡಿದರೆ 36ನೇ ಸೆಕ್ಷನ್ ಪ್ರಕಾರ ರಿಜಿಸ್ಟರ್‌ನಿಂದ ನಿಮ್ಮ ಹೆಸರನ್ನೇ ತೆಗೆಯಬಹುದು. ನಾಲ್ಕು ವರ್ಷ ಓದಿದ್ದು ಒಂದೇ ದಿನಕ್ಕೆ ಹೋಗುತ್ತೆ.

ನನ್ನ ಜೊತೆ ಫಾರ್ಮಸಿ ಓದಿದವಳೊಬ್ಬಳು ಹೀಗೆ ಸರ್ಟಿಫಿಕೇಟ್ ಕೊಟ್ಟಿದ್ದಳು. ಆಮೇಲೆ ಒಳ್ಳೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಸೇರೋಕೆ ಹೋದರೆ ಹೆಸರು ಆ ಅಂಗಡಿಯ ಲೈಸೆನ್ಸ್‌ನಲ್ಲೇ ಕೂತಿದೆ. ಅಂಗಡಿಯವರು ಬಿಡುಗಡೆ ಪತ್ರ ಕೊಡೋಕೆ ಇವತ್ತು ನಾಳೆ ಅಂತ ಅಲೆಸಿದರು. ಅಷ್ಟರಲ್ಲಿ ಆ ಕೆಲಸ ಬೇರೆಯವರ ಪಾಲಾಯಿತು. ಅವಳು ಅತ್ತಿದ್ದು ನನಗೆ ಇನ್ನೂ ನೆನಪಿದೆ.

ಅಪ್ಪನಿಗೆ ಹೇಗೆ ಹೇಳೋದು ಅಂತ ಯೋಚನೆ ಇರುತ್ತೆ. ಕಾಯ್ದೆ, ಸೆಕ್ಷನ್ ಹೇಳೋಕೆ ಹೋಗಬೇಡಿ. ಒಂದೇ ಮಾತು ಕೇಳಿ: 'ಅಪ್ಪಾ, ಮುಖ ಸರಿಯಾಗಿ ಗೊತ್ತಿಲ್ಲದವರ ಸಾಲಕ್ಕೆ ನೀನು ಸೊಸೈಟಿಯಲ್ಲಿ ಜಾಮೀನು ಹಾಕ್ತೀಯಾ?' ರೈತರಿಗೆ ಜಾಮೀನು ಅಂದ್ರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ. ಇದೂ ಅದೇ. ಸಾಲ ಯಾರದೋ, ಸಹಿ ನಿಮ್ಮದು.

ಇನ್ನು ಉಳಿದ ಎರಡು ದಾರಿ. ಕಂಪನಿ ಕೆಲಸ ಕೆಟ್ಟದ್ದಲ್ಲ. ಮಾತ್ರೆ ತಯಾರಿಸುವ ಕಡೆ, ಗುಣಮಟ್ಟ ನೋಡುವ ಕಡೆ ಕೆಲಸ ಮಾಡೋರು ಇಲ್ಲದಿದ್ದರೆ ನಮ್ಮ ರ್ಯಾಕ್‌ನಲ್ಲಿ ನಂಬಿ ಕೊಡುವಂಥದ್ದು ಏನೂ ಇರುತ್ತಿರಲಿಲ್ಲ. ಲ್ಯಾಬ್ ಕೆಲಸ ನಿಮಗೆ ನಿಜವಾಗಿ ಇಷ್ಟ ಇದ್ದರೆ ಹೋಗಿ. ಆದರೆ ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದೇ ಸಾಲು ಇದೆ. ಚೀಟಿ, ಬ್ರಾಂಡ್, ಕೌಂಟರ್, ಕೋಟು, ಇದರ ಬಗ್ಗೆ ಉಳಿದದ್ದೆಲ್ಲ. ಭಯ ಇರುವ ಕಡೆಯೇ ಮನಸ್ಸೂ ಇದೆ ಅಂತ ನನಗೆ ಅನ್ನಿಸುತ್ತೆ. ಅದಕ್ಕೇ ಹೇಳುತ್ತೇನೆ, ಒಂದು ವರ್ಷ ಹಾಸನದ ಆಸ್ಪತ್ರೆ ಫಾರ್ಮಸಿಗೆ ಸೇರಿ. ಸಂಬಳ ಕಡಿಮೆ ಅನ್ನೋದು ನಿಜ. ಅದನ್ನ ಸುಮ್ನೆ ಸಮಾಧಾನಕ್ಕೆ ಮುಚ್ಚಿಡೋಲ್ಲ. ಆದರೆ ಆ ಒಂದು ವರ್ಷದಲ್ಲಿ ಕಲಿಯೋದು ಬೇರೆಲ್ಲೂ ಅಷ್ಟು ಬೇಗ ಸಿಗಲ್ಲ. ಹೊರರೋಗಿಗಳ ಚೀಟಿ, ವಾರ್ಡ್‌ನಿಂದ ಬರುವ ಇಂಡೆಂಟ್ (ಇಂಥ ಔಷಧಿ ಬೇಕು ಅನ್ನುವ ಪಟ್ಟಿ), ಫ್ರಿಜ್‌ನಲ್ಲಿಡುವ ಔಷಧಿ, ಬೀಗ ಹಾಕಿಡುವ ಔಷಧಿ, ಎಲ್ಲಾ ಒಂದೇ ಸೂರಿನ ಕೆಳಗೆ ಇರುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಅನುಮಾನ ಬಂದರೆ ಡಾಕ್ಟರ್ ಮೇಲಿನ ಮಹಡಿಯಲ್ಲೇ ಇರುತ್ತಾರೆ.

ಸೇರುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ಮೊದಲ ಮೂರು ತಿಂಗಳು ನೀವು ಕೊಡುವ ಔಷಧಿಯನ್ನು ಇನ್ನೊಬ್ಬರು ನೋಡಿ ಕಳಿಸ್ತಾರಾ? ರಾತ್ರಿ ಪಾಳಿಗೆ ಒಬ್ಬರನ್ನೇ ಯಾವಾಗಿಂದ ಹಾಕ್ತಾರೆ? ಸಂಬಳಕ್ಕಿಂತ ಇದು ಮುಖ್ಯ. 'ನಾಳೆಯಿಂದಲೇ ನೈಟ್ ನಿನ್ನದು' ಅಂದರೆ ಬೇರೆ ಆಸ್ಪತ್ರೆ ನೋಡಿ. ನೇಮಕದ ಪತ್ರ ಬರಹದಲ್ಲಿ ತಗೊಳ್ಳಿ. ಅಂಕಪಟ್ಟಿ, ಪದವಿ ಪತ್ರದ ಒರಿಜಿನಲ್ ಯಾರ ಕೈಯಲ್ಲೂ ಬಿಟ್ಟು ಬರಬೇಡಿ, ಜೆರಾಕ್ಸ್ ಕೊಡಿ. ಒಂದು ಕಡೆ ಲೈಸೆನ್ಸ್‌ಗೆ ನಿಮ್ಮ ಹೆಸರು ಸೇರಿಸಿದರೆ ಕೆಲಸ ಬಿಡುವ ದಿನ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಪತ್ರ ಕೊಟ್ಟು, ತಲುಪಿದೆ ಅಂತ ಸೀಲ್ ಹಾಕಿಸಿಕೊಂಡು ಇಟ್ಟುಕೊಳ್ಳಿ. ಇದನ್ನ ಕಾಲೇಜಿನಲ್ಲಿ ಯಾರೂ ಹೇಳಿಕೊಡಲ್ಲ.

ಈಗ ಭಯದ ವಿಷಯ.

ನಾಲ್ಕು ವರ್ಷ ಓದಿ ಏನೂ ಕಲಿತಿಲ್ಲ ಅಂತ ಬರೆದಿದ್ದೀರಿ. ಅದು ಸುಳ್ಳು. ನೀವು ಕಲಿತಿರುವುದು ಔಷಧಿಯ ಒಳಗಿನ ಹೆಸರು. ಅಂಗಡಿಯಲ್ಲಿ ಓಡಾಡುವುದು ಪೆಟ್ಟಿಗೆ ಮೇಲಿನ ಹೆಸರು. ಎರಡನ್ನೂ ಸೇರಿಸುವ ಕೆಲಸ ಮಾತ್ರ ಬಾಕಿ ಇದೆ, ಅದು ಎರಡು ಮೂರು ತಿಂಗಳಿನ ಮಾತು. ಮೊದಲ ವಾರ ಬಿಲ್ಲಿಂಗ್‌ಗೆ ಕೂರಬೇಡಿ. ಏಜೆನ್ಸಿಯಿಂದ ಬರುವ ಸ್ಟಾಕ್ ಬಿಚ್ಚಿ ರ್ಯಾಕ್‌ಗೆ ಜೋಡಿಸುವ ಕೆಲಸ ಕೇಳಿ ತಗೊಳ್ಳಿ. ಹುಡುಗರ ಕೆಲಸ ಅಂತ ಅನ್ನಿಸಬಹುದು. ಆದರೆ ಒಂದೊಂದು ಶೀಟನ್ನೂ ತಿರುಗಿಸಿ ಹಿಂದೆ ಇರುವ ಸಣ್ಣ ಅಕ್ಷರ ಓದುತ್ತಾ ಜೋಡಿಸಿದರೆ ಅದಕ್ಕಿಂತ ಒಳ್ಳೆ ಪಾಠ ಇಲ್ಲ. ಒಂದು ಉದ್ದದ ನೋಟ್‌ಬುಕ್ ಇಟ್ಟುಕೊಳ್ಳಿ. ಬ್ರಾಂಡ್ ಹೆಸರಿನ ಪಟ್ಟಿ ಬರೆಯಬೇಡಿ, ಅದಕ್ಕೆ ಕೊನೆಯೇ ಇಲ್ಲ. ಟೆಲ್ಮಿಸಾರ್ಟಾನ್‌ಗೆ ಒಂದು ಪುಟ, ಮೆಟ್‌ಫಾರ್ಮಿನ್‌ಗೆ ಒಂದು ಪುಟ, ಪ್ಯಾಂಟೊಪ್ರಜೋಲ್‌ಗೆ ಒಂದು ಪುಟ. ನಿಮ್ಮ ಆಸ್ಪತ್ರೆಯಲ್ಲಿ ಓಡುವ ಬ್ರಾಂಡ್‌ಗಳನ್ನ ಅದರ ಕೆಳಗೆ ಬರೆಯುತ್ತಾ ಹೋಗಿ. ಅದೇ ಹೆಸರಿನ ಮುಂದೆ 'ಎಂ', 'ಎಚ್', 'ಎಎಂ' ಅಂತ ಬಾಲ ಸೇರಿದರೆ ಒಳಗೆ ಇನ್ನೇನು ಸೇರಿತು ಅಂತಲೂ ಬರೆಯಿರಿ. ಟೆಲ್ಮಿಸಾರ್ಟಾನ್ ಮಾತ್ರ ಇರುವ ಬಿಪಿ ಮಾತ್ರೆ ಬೇರೆ, ಅದಕ್ಕೆ ಆಮ್ಲೋಡಿಪಿನ್ ಸೇರಿದ್ದು ಬೇರೆ. ಆ ಎರಡು ಅಕ್ಷರ ಬಿಟ್ಟುಹೋಗಿ ತಪ್ಪಾಗೋದು ಜಾಸ್ತಿ.

ಚೀಟಿ ಓದುವ ವಿಷಯ. ಡಾಕ್ಟರ್‌ಗಳು ಔಷಧಿಯ ಜೆನೆರಿಕ್ ಹೆಸರನ್ನ, ಅಂದ್ರೆ ಆ ಒಳಗಿನ ಹೆಸರನ್ನ, ಓದುವ ಹಾಗೆ, ಆದಷ್ಟೂ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ 2016ರಲ್ಲೇ ನಿಯಮ ಬಂತು. ಆದರೂ ಹೊರರೋಗಿಗಳ ಸಾಲು ಉದ್ದ ಇದ್ದ ದಿನ ಅಕ್ಷರ ಹೇಗಿರುತ್ತೆ ಅಂತ ಎಲ್ಲರಿಗೂ ಗೊತ್ತು. ಅಕ್ಷರ ಅರ್ಥ ಆಗದಿದ್ದಾಗ ನಾನು ಮೊದಲು ನೋಡೋದು ಚೀಟಿಯನ್ನಲ್ಲ, ಎದುರು ನಿಂತವರನ್ನ. 'ಏನಾಗಿತ್ತು ಅಂತ ತೋರಿಸಿದ್ರಿ?' ಅಂತ ಕೇಳುತ್ತೇನೆ. ಕೆಮ್ಮಿಗೆ ತೋರಿಸಿದವರ ಚೀಟಿಯಲ್ಲಿ ಶುಗರ್ ಮಾತ್ರೆ ಇದೆ ಅಂತ ನಾನು ಓದುತ್ತಿದ್ದರೆ, ಒಂದೋ ಅವರಿಗೆ ಶುಗರ್ ಇದೆ, ಇಲ್ಲಾ ನಾನು ತಪ್ಪು ಓದುತ್ತಿದ್ದೇನೆ. ಆ ಒಂದು ಪ್ರಶ್ನೆಯಿಂದ ಅರ್ಧ ಚೀಟಿ ತಾನಾಗಿ ಬಿಡಿಸಿಕೊಳ್ಳುತ್ತೆ. ಉಳಿದರ್ಧ ಬಿಡಿಸೋಕೆ ಆಗದಿದ್ದರೆ ಡಾಕ್ಟರ್ ಹತ್ತಿರವೇ ಫೋನ್ ಮಾಡಿ ಕೇಳಿ. ಊಹೆ ಮಾಡಿ ಕೊಡಬೇಡಿ, ಯಾವತ್ತೂ.

ಡಾಕ್ಟರ್‌ಗೆ ಫೋನ್ ಮಾಡೋಕೆ ಹೊಸಬರು ಹೆದರ್ತಾರೆ. ನಾನೂ ಹೆದರುತ್ತಿದ್ದೆ. ಮಾತನ್ನ ಮೊದಲೇ ಜೋಡಿಸಿಕೊಂಡರೆ ಭಯ ಇರಲ್ಲ. 'ಸರ್, ಫಾರ್ಮಸಿಯಿಂದ. ಈಗ ತಾನೇ ನೀವು ನೋಡಿದ ಪೇಷಂಟ್, ಇಂಥ ಹೆಸರು, ಇಷ್ಟು ವಯಸ್ಸು. ಎರಡನೇ ಔಷಧಿ ಇದು ಅಂತ ಓದಿದ್ದೀನಿ, ಇಷ್ಟು ಎಂಜಿ. ಸರಿನಾ ಸರ್?' ಅಷ್ಟೇ. 'ನೀವು ಬರೆದಿದ್ದು ಅರ್ಥ ಆಗ್ತಿಲ್ಲ' ಅನ್ನಬೇಡಿ, ನೀವು ಓದಿದ್ದನ್ನ ಹೇಳಿ ಸರಿನಾ ಅಂತ ಕೇಳಿ. ಒಬ್ಬಿಬ್ಬರು ರೇಗಬಹುದು. ಜಾಸ್ತಿ ಜನ ಥ್ಯಾಂಕ್ಸ್ ಹೇಳಿಯೇ ಫೋನ್ ಇಡ್ತಾರೆ.

ಈಗ ನನ್ನದೇ ಒಂದು ತಪ್ಪು ಹೇಳುತ್ತೇನೆ. ಚಿಕ್ಕಮಗಳೂರಿನಲ್ಲಿ ನಾನು ಕೆಲಸಕ್ಕೆ ಸೇರಿ ಎರಡನೇ ತಿಂಗಳು. ಜುಲೈ ಮಳೆ. ಕೌಂಟರ್ ಮುಂದೆ ಕೊಡೆಗಳಿಂದ ನೀರು ಸುರಿದು ನೆಲವೆಲ್ಲ ಕೆಸರು. ಒಬ್ಬ ತಾಯಿ ಸೆರಗಿನೊಳಗೆ ಮಗು ಎತ್ತಿಕೊಂಡು ಬಂದಳು. ಒಂಬತ್ತು ಕೆಜಿಯ ಮಗು, ಜ್ವರ. ಚೀಟಿ ನೆನೆದು ಅಕ್ಷರ ಹರಡಿತ್ತು. ಪ್ಯಾರಾಸಿಟಮಾಲ್, 5 ಎಂಎಲ್, ದಿನಕ್ಕೆ ಮೂರು ಸಲ ಅನ್ನೋದು ಕಾಣುತ್ತಿತ್ತು. ಸಣ್ಣ ಮಗು ಅಂದ್ರೆ ಡ್ರಾಪ್ಸ್ ಅಂತ ನನ್ನ ತಲೆಯಲ್ಲಿ. ಕೈ ನೇರ ಡ್ರಾಪ್ಸ್ ಬಾಟಲಿಗೆ ಹೋಯಿತು. ಬಿಲ್ ಹಾಕಿದೆ, ಕವರ್‌ಗೆ ಹಾಕಿದೆ, '5 ಎಂಎಲ್, ಮೂರು ಹೊತ್ತು' ಅಂದೆ. ಆಕೆ ಎರಡು ಹೆಜ್ಜೆ ಹೋಗಿ ತಿರುಗಿ ಬಂದು ಕವರ್ ಬಿಚ್ಚಿ ಡ್ರಾಪರ್ ಎತ್ತಿ ಹಿಡಿದಳು. 'ಅಕ್ಕಾ, ಇದ್ರಲ್ಲಿ ಒಂದು ಅಂತ ಗೆರೆ ಐತೆ. ಐದು ಸಲ ಎಳ್ಕೊಂಡು ಹಾಕ್ಬೇಕಾ?'

ನನ್ನ ಕೈ ತಣ್ಣಗಾಯಿತು. ಲೆಕ್ಕ ನೀವೇ ಹಾಕಿ. ಡಾಕ್ಟರ್ ಬರೆದಿದ್ದ ಸಿರಪ್‌ನಲ್ಲಿ 5 ಎಂಎಲ್‌ಗೆ 125 ಎಂಜಿ. ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೇ 100 ಎಂಜಿ. ಅದರಲ್ಲಿ 5 ಎಂಎಲ್ ಹಾಕಿದ್ದರೆ ಒಂದು ಸಲಕ್ಕೆ 500 ಎಂಜಿ. ಮಗುವಿಗೆ ಒಂದು ಕೆಜಿಗೆ 10ರಿಂದ 15 ಎಂಜಿ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಒಂಬತ್ತು ಕೆಜಿ ಮಗುವಿಗೆ 135 ದಾಟಬಾರದು. ನಾನು ಕಳಿಸುತ್ತಿದ್ದದ್ದು ಬರೆದದ್ದರ ನಾಲ್ಕು ಪಟ್ಟು, ದಿನಕ್ಕೆ ಮೂರು ಸಲ. ಆ ಲೆಕ್ಕ ನನಗೆ ಗೊತ್ತಿರಲಿಲ್ಲ ಅಂತಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ತಗೊಂಡಿದ್ದೆ. ಆ ಹೊತ್ತಿಗೆ ತಲೆಗೆ ಬರಲಿಲ್ಲ. ಬಾಟಲಿ ಬದಲಾಯಿಸಿ ಕೊಟ್ಟೆ. ನಂದೇ ತಪ್ಪು, ನೀವು ಕೇಳಿದ್ದಕ್ಕೆ ಒಳ್ಳೇದಾಯ್ತು ಅಂದೆ. ಆಕೆ ಬೈಯಲಿಲ್ಲ.

ಅವತ್ತಿನಿಂದ ಮಕ್ಕಳ ಔಷಧಿಯನ್ನ ನಾನು ಮುಚ್ಚಿದ ಬಾಟಲಿಯಾಗಿ ಕೊಟ್ಟಿಲ್ಲ. ಮುಚ್ಚಳದ ಅಳತೆ ಲೋಟ ತೆಗೆದು ಉಗುರಿನಿಂದ ಗೆರೆ ತೋರಿಸುತ್ತೇನೆ, ಅಲ್ಲಿ ಪೆನ್ನಿನಿಂದ ಗುರುತು ಹಾಕುತ್ತೇನೆ. ಆಮೇಲೆ ಕೇಳುತ್ತೇನೆ: 'ಮನೇಲಿ ಹೆಂಗೆ ಕೊಡ್ತೀರಿ, ನನಗೊಂದ್ಸಲ ಹೇಳಿ.' ಈ ಮಾತನ್ನ ಬರೆದಿಟ್ಟುಕೊಳ್ಳಿ. 'ಅರ್ಥ ಆಯ್ತಾ?' ಅಂತ ಕೇಳಿದರೆ ನಮ್ಮ ಜನ ಮರ್ಯಾದೆಗೆ 'ಹೂಂ' ಅಂತಾರೆ. ಅವರ ಬಾಯಿಂದಲೇ ಹೇಳಿಸಿದರೆ ತಪ್ಪು ಅಲ್ಲೇ ಕಾಣುತ್ತೆ. ಪುಡಿ ಇರುವ ಆಂಟಿಬಯೋಟಿಕ್ ಸಿರಪ್‌ಗೆ ಎಷ್ಟು ನೀರು, ಯಾವ ನೀರು ಅನ್ನೋದನ್ನೂ ಹೀಗೇ ಹೇಳಿಸಿ. ಕುದಿಸಿ ಆರಿಸಿದ ನೀರು, ಬಾಟಲಿ ಮೇಲಿನ ಗೆರೆವರೆಗೆ. ಸಾಮಾನ್ಯವಾಗಿ ಏಳು ದಿನ ಆದ ಮೇಲೆ ಉಳಿದದ್ದು ಚೆಲ್ಲಬೇಕು. ಮುಂದಿನ ಜ್ವರಕ್ಕೆ ಅಂತ ಗೂಡಿನಲ್ಲಿ ಎತ್ತಿಡೋರು ಬಹಳ ಮಂದಿ.

ನಿಮ್ಮನ್ನ ಕೌಂಟರ್‌ಗೇ ಹೋಗಿ ಅಂತ ನಾನು ಒತ್ತಾಯ ಮಾಡ್ತಿರೋದು ಇದಕ್ಕೇ. ಪುಸ್ತಕದಲ್ಲಿ ಓದಿದ ಎಷ್ಟೋ ವಿಷಯಕ್ಕೆ ಇಲ್ಲಿ ಒಂದು ಮುಖ ಇರುತ್ತೆ. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಯಲ್ಲಿ ತಗೋಬೇಕು ಅಂತ ಓದಿದ್ದೀರಿ. ಚಿಕ್ಕಮಗಳೂರಿನಲ್ಲಿ ನನ್ನ ಹತ್ತಿರ ಬರುತ್ತಿದ್ದ ಒಬ್ಬ ಟೀಚರ್ ಖಾಲಿ ಹೊಟ್ಟೆಯಲ್ಲೇ ತಗೊಳ್ತಿದ್ದರು, ಬೆಳಗಿನ ಕಾಫಿಯ ಜೊತೆ! ಅವರ ಲೆಕ್ಕದಲ್ಲಿ ಕಾಫಿ ಊಟ ಅಲ್ಲ. ನಮ್ಮ ಕಡೆ ಯಾರ ಲೆಕ್ಕದಲ್ಲೂ ಅಲ್ಲ, ಅಲ್ವಾ? ಆದರೆ ಕಾಫಿ ಆ ಮಾತ್ರೆಯನ್ನ ಮೈಗೆ ಸರಿಯಾಗಿ ಹತ್ತೋಕೆ ಬಿಡಲ್ಲ. ಬರೀ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡೀರಿ ಅಂದೆ. ಕಬ್ಬಿಣಾಂಶದ ಮಾತ್ರೆಗೂ ಕಾಫಿ ಟೀ ಆಗಲ್ಲ. ಹಾಸನ, ಚಿಕ್ಕಮಗಳೂರು ಈ ಎರಡು ಜಿಲ್ಲೆಯಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್ 'ಖಾಲಿ ಹೊಟ್ಟೆ' ಅಂದಾಗಲೆಲ್ಲ 'ಕಾಫಿಯೂ ಬೇಡ' ಅಂತ ಸೇರಿಸಬೇಕು.

ಮೆಥೊಟ್ರೆಕ್ಸೇಟ್ ಬಗ್ಗೆ ವಿಶೇಷವಾಗಿ ಹೇಳಬೇಕು. ಕೀಲುವಾತಕ್ಕೆ ಕೊಡುವಾಗ ಅದು ವಾರಕ್ಕೆ ಒಂದೇ ದಿನ. ದಿನಾ ತಗೊಂಡರೆ ಬಾಯಿಯೆಲ್ಲ ಹುಣ್ಣಾಗುತ್ತೆ, ರಕ್ತದ ಕಣ ಕುಸಿಯುತ್ತೆ, ಜೀವಕ್ಕೇ ಅಪಾಯ. ನಮ್ಮ ಜನಕ್ಕೆ ಮಾತ್ರೆ ಅಂದ್ರೆ ದಿನಾ ನುಂಗುವುದು. ಹಾಗಾಗಿ ನಾನು ವಾರದ ಯಾವ ದಿನ ಅಂತ ಕೇಳಿ, 'ಪ್ರತಿ ಭಾನುವಾರ ಮಾತ್ರ' ಅಂತ ಕವರ್ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆದು ಕೊಡುತ್ತೇನೆ. ನಾಲ್ಕು ವಾರಕ್ಕೆ ಬೇಕಾದಷ್ಟೇ ಎಣಿಸಿ ಕೊಡುತ್ತೇನೆ. ಇಂಥ ಚೀಟಿಯಲ್ಲಿ 'ದಿನಕ್ಕೊಂದು' ಅಂತ ಕಂಡರೆ, ಬರೆದವರು ಎಷ್ಟೇ ದೊಡ್ಡ ಡಾಕ್ಟರ್ ಆಗಿರಲಿ, ಫೋನ್ ಮಾಡದೆ ಕೊಡಬೇಡಿ.

ಇನ್ಸುಲಿನ್ ಇನ್ನೊಂದು. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರಲ್ಲ. ಫ್ರೀಜರ್‌ನಲ್ಲಿಟ್ಟರೆ ಕರೆಂಟ್ ಹೋದರೂ ತಂಪು ಉಳಿಯುತ್ತೆ ಅಂತ ಮೊದಲೇ ಅಲ್ಲಿ ಇಟ್ಟುಬಿಡ್ತಾರೆ, ಇನ್ಸುಲಿನ್ ಹೆಪ್ಪುಗಟ್ಟಿ ಹಾಳಾಗುತ್ತೆ. ಬಿಚ್ಚದ ಬಾಟಲಿಗೆ 2ರಿಂದ 8 ಡಿಗ್ರಿ, ಫ್ರಿಜ್‌ನ ಕೆಳಗಿನ ತಟ್ಟೆ ಸಾಕು. ಬಿಚ್ಚಿ ಬಳಸುತ್ತಿರುವುದು ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಹೊರಗೇ ಇರಬಹುದು. ಫ್ರಿಜ್ ಇಲ್ಲದ ಮನೆಯವರಿಗೆ ನೀರು ತುಂಬಿದ ಮಣ್ಣಿನ ಮಡಕೆಯ ಪಕ್ಕ, ಒಲೆಯಿಂದ ದೂರ ಇಡೋಕೆ ಹೇಳಿ.

ಕಾಫಿ ಕೊಯ್ಲಿನ ಕಾಲಕ್ಕೆ ತೋಟದ ಲೈನ್ ಮನೆಗಳಿಗೆ ಅಸ್ಸಾಂ ಕಡೆಯಿಂದ ಕೆಲಸಕ್ಕೆ ಬಂದವರು ಔಷಧಿಗೆ ಬರ್ತಾರೆ. ಅವರಿಗೆ ಕನ್ನಡ ಬರಲ್ಲ, ನಮಗೆ ಅವರ ಮಾತು ಬರಲ್ಲ. ನಾನು ಕವರ್ ಮೇಲೆ ಸೂರ್ಯ ಹುಟ್ಟೋದು, ನೆತ್ತಿಗೆ ಬಂದಿದ್ದು, ಚಂದ್ರ, ಹೀಗೆ ಮೂರು ಚಿತ್ರ ಬರೀತೀನಿ. ಅದರ ಕೆಳಗೆ ಮಾತ್ರೆಯಷ್ಟು ಚುಕ್ಕೆ. ಊಟದ ತಟ್ಟೆ ಬರೆದು ಮಾತ್ರೆ ಮುಂಚೆಯೋ ಆಮೇಲೋ ಅಂತ ಬಾಣ. ಓದೋಕೆ ಬರದ ನಮ್ಮ ಅಜ್ಜಿಯರಿಗೂ ಇದೇ ಆಗುತ್ತೆ.

ಹಾಸನದಲ್ಲಿ ನಿಮಗೆ ಇನ್ನೊಂದು ಪರೀಕ್ಷೆ ಕಾದಿದೆ. ದೀಪಾವಳಿ ಹೊತ್ತಿಗೆ ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆದಾಗ ಎಲ್ಲೆಲ್ಲಿಂದಲೋ ಜನ ಬರ್ತಾರೆ, ಮಾತ್ರೆ ಮನೆಯಲ್ಲಿ ಮರೆತು ಬಂದಿರ್ತಾರೆ. 'ಬಿಪಿದು, ಬಿಳಿ ಸಣ್ಣ ಮಾತ್ರೆ, ಕೊಡಿ' ಅಂತಾರೆ. ಬಿಳಿ ಸಣ್ಣ ಮಾತ್ರೆ ರ್ಯಾಕ್‌ನಲ್ಲಿ ನೂರಾರು ಇದೆ. ಹಿಂದೆ ಸಾಲು ಬೆಳೆದಿರುತ್ತೆ, ಏನೋ ಒಂದು ಕೊಟ್ಟು ಕಳಿಸೋಣ ಅನ್ನಿಸುತ್ತೆ. ಕೊಡಬೇಡಿ. ಮನೆಯಲ್ಲಿ ಇರುವವರಿಗೆ ಫೋನ್ ಮಾಡಿಸಿ, ಮಾತ್ರೆ ಶೀಟಿನ ಹಿಂಭಾಗ, ಜೊತೆಗೆ ಡಾಕ್ಟರ್ ಚೀಟಿ ಎರಡನ್ನೂ ವಾಟ್ಸಾಪ್‌ನಲ್ಲಿ ಫೋಟೋ ಹಾಕಿಸಿಕೊಳ್ಳಿ. ಐದು ನಿಮಿಷದ ಕೆಲಸ.

ಇಲ್ಲ ಅನ್ನೋದನ್ನ ಕಲಿಯೋದು ಎಲ್ಲಕ್ಕಿಂತ ಕಷ್ಟ. ಆಸ್ಪತ್ರೆ ಫಾರ್ಮಸಿಗೂ ಚೀಟಿ ಇಲ್ಲದೆ ಬಂದು ಕೇಳ್ತಾರೆ. ನಿದ್ದೆ ಮಾತ್ರೆ ಕೊಡಿ ಅಂತಾರೆ. ಹೋದ ಸಲದ ಆಂಟಿಬಯೋಟಿಕ್ ಎರಡು ಕೊಡಿ ಸಾಕು ಅಂತಾರೆ. ಮಂಡಿ ನೋವಿಗೆ 'ಆ ಮೂರು ಮಾತ್ರೆ ಪೊಟ್ಟಣ' ಅಂತಾರೆ. ಆ ಪೊಟ್ಟಣದಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಇರುತ್ತೆ. ನೋವು ಬೇಗ ಹೋಗುತ್ತೆ, ತಿಂಗಳುಗಟ್ಟಲೆ ತಿಂದರೆ ಶುಗರ್ ಏರುತ್ತೆ, ಮೂಳೆ ಸವೆಯುತ್ತೆ, ಮುಖ ಊದಿಕೊಳ್ಳುತ್ತೆ. 'ನೀನು ಕೊಡದಿದ್ರೆ ಪಕ್ಕದ ಅಂಗಡೀಲಿ ಕೊಡ್ತಾರೆ' ಅಂತ ಹೇಳ್ತಾರೆ, ಅದು ನಿಜವೂ ಇರಬಹುದು. ಆದರೂ ನಿಮ್ಮ ಕೈಯಿಂದ ಬೇಡ.

ಆಲ್‌ಪ್ರಜೋಲಮ್, ಟ್ರಾಮಡಾಲ್, ಟಿಬಿ ಔಷಧಿ, ಸೆಫಿಕ್ಸಿಮ್‌ನಂಥ ಆಂಟಿಬಯೋಟಿಕ್, ಇವೆಲ್ಲ ಶೆಡ್ಯೂಲ್ ಎಚ್1ಗೆ, ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಕೊಡಬಾರದ ಔಷಧಿಗಳ ಒಂದು ಪಟ್ಟಿಗೆ, ಸೇರಿದವು. 2014ರ ಮಾರ್ಚ್ 1ರಿಂದ ಇವಕ್ಕೆ ಬೇರೆ ರಿಜಿಸ್ಟರ್ ಇಡಬೇಕು. ಡಾಕ್ಟರ್ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿರಿ, ಎಲ್ಲಾ ಬರೆದು ಮೂರು ವರ್ಷ ಕಾಪಾಡಬೇಕು. ತಿಂಗಳ ಕೊನೆಗೆ ಒಟ್ಟಿಗೆ ಕೂತು ತುಂಬಿಸುವ ಅಭ್ಯಾಸ ಕೆಲವು ಕಡೆ ಇದೆ. ನೀವು ಕೊಟ್ಟ ಗಳಿಗೆಯಲ್ಲೇ ಬರೆಯಿರಿ. ಹೊಸಬರಿಗೆ ಈ ರಿಜಿಸ್ಟರ್ ಒಳ್ಳೆ ಆಸರೆ. 'ನಾನೂ ಕೊಡಬಹುದಿತ್ತು, ಆದರೆ ಈ ಪುಸ್ತಕದಲ್ಲಿ ಡಾಕ್ಟರ್ ಹೆಸರು ಬರೀಲೇಬೇಕು, ಏನಂತ ಬರೀಲಿ ಹೇಳಿ' ಅಂದರೆ ಯಾರೂ ಸಿಟ್ಟು ಮಾಡಿಕೊಳ್ಳಲ್ಲ.

ಇಲ್ಲ ಅಂದು ಸುಮ್ಮನಾಗಬೇಡಿ. ಬದಲಿಗೆ ಏನು ಮಾಡಬಹುದು ಅಂತ ಹೇಳಿ ಕಳಿಸಿ. ಜ್ವರ ಅಂತ ಬಂದವರಿಗೆ ಪ್ಯಾರಾಸಿಟಮಾಲ್, ಓಆರ್‌ಎಸ್ ಕೊಟ್ಟು, ಎರಡು ದಿನಕ್ಕೆ ಇಳಿಯದಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಅನ್ನಿ. ಐಬುಪ್ರೊಫೆನ್, ಡೈಕ್ಲೊಫಿನಾಕ್ ಬೇಡ, ಡೆಂಗಿ ಆಗಿದ್ದರೆ ರಕ್ತಸ್ರಾವಕ್ಕೆ ದಾರಿ. ಮಲೆನಾಡಿನಲ್ಲಿ ಇನ್ನೆರಡು ಪ್ರಶ್ನೆ ಕೇಳಲೇಬೇಕು. ಕಾಡಿಗೆ ಸೌದೆಗೋ ದರಗಿಗೋ ಹೋಗಿದ್ದರಾ, ಉಣ್ಣೆ ಕಚ್ಚಿತ್ತಾ? ಬೇಸಿಗೆ ಮುಗಿಯುವ ತನಕ ಮಂಗನ ಕಾಯಿಲೆಯ ಭಯ ಇರುತ್ತೆ. ಗದ್ದೆ ಕೆಸರಿನಲ್ಲಿ ಗಾಯದ ಕಾಲಿಟ್ಟು ಕೆಲಸ ಮಾಡಿದ್ದರಾ? ಇಲಿ ಜ್ವರ ಇರಬಹುದು. ಹೌದು ಅಂದರೆ ಅವತ್ತೇ ಡಾಕ್ಟರ್ ಹತ್ತಿರ ಕಳಿಸಿ. ರೋಗ ಯಾವುದು ಅಂತ ಹೇಳೋದು ನಮ್ಮ ಕೆಲಸ ಅಲ್ಲ. ತಡ ಮಾಡದೆ ಕಳಿಸೋದು ನಮ್ಮ ಕೆಲಸ.

ಸರ್ಕಾರಿ ಪರೀಕ್ಷೆಗೆ ಓದೋದನ್ನ ನಿಲ್ಲಿಸಬೇಡಿ. ಆರೋಗ್ಯ ಇಲಾಖೆಯ ಫಾರ್ಮಸಿ ಅಧಿಕಾರಿ ಹುದ್ದೆ, ಡ್ರಗ್ ಇನ್ಸ್‌ಪೆಕ್ಟರ್ ಹುದ್ದೆ, ಎರಡಕ್ಕೂ ಅಧಿಸೂಚನೆ ಬಂದಾಗ ವಿದ್ಯಾರ್ಹತೆಯ ಸಾಲನ್ನ ನೀವೇ ಓದಿ, ಬೇರೆಯವರ ಮಾತು ನಂಬಬೇಡಿ. ಪಾಳಿ ಮುಗಿಸಿ ದಿನಕ್ಕೆ ಎರಡು ಗಂಟೆ ಓದಿದರೂ ಸಾಕು. ದಿನಾ ಕೈಯಲ್ಲಿ ಹಿಡಿದ ಔಷಧಿ ಬಗ್ಗೆ ಓದುವಾಗ ತಲೆಗೆ ಬೇಗ ಹೋಗುತ್ತೆ. ಸ್ವಂತ ಅಂಗಡಿ ಯೋಚನೆ ಎರಡು ಮೂರು ವರ್ಷ ಆದ ಮೇಲೆ ಮಾಡಿ. ಆಗ 10 ಚದರ ಮೀಟರ್ ಜಾಗ, ಒಂದು ಫ್ರಿಜ್, 20 ಮತ್ತು 21ನೇ ಫಾರಂ ಲೈಸೆನ್ಸ್ ಬೇಕಾಗುತ್ತೆ. ನಾನೂ ಚಿಕ್ಕಮಗಳೂರಿನಲ್ಲಿ ಏಳು ವರ್ಷ ಬೇರೆಯವರ ಕೌಂಟರ್‌ನಲ್ಲಿ ನಿಂತ ಮೇಲೆ ಹಾಸನಕ್ಕೆ ಬಂದು ನನ್ನದು ಅಂತ ಮಾಡಿಕೊಂಡೆ. ಆ ಏಳು ವರ್ಷದಲ್ಲಿ ಏಜೆನ್ಸಿಯವರ ಸ್ಕೀಮ್, ಎಕ್ಸ್‌ಪೈರಿ ರಿಟರ್ನ್, ಉದ್ರಿ, ಎಲ್ಲಾ ಬೇರೆಯವರ ದುಡ್ಡಿನಲ್ಲಿ ಕಲಿತೆ. ಸ್ವಂತ ದುಡ್ಡಿನಲ್ಲಿ ಕಲಿತಿದ್ದರೆ ಅಂಗಡಿ ಉಳಿಯುತ್ತಿರಲಿಲ್ಲ.

ಒಳ್ಳೆ ಚಪ್ಪಲಿ ತಗೊಳ್ಳಿ. ಎಂಟು ಗಂಟೆ ನಿಲ್ಲಬೇಕು. ಮೊದಲ ತಿಂಗಳು ಹಿಮ್ಮಡಿ ನೋವು ಬರುತ್ತೆ, ಆಮೇಲೆ ಒಗ್ಗುತ್ತೆ.

ಕೊನೆಗೆ ಬಿಳಿ ಕೋಟು. ಹಾಕಿಕೊಳ್ಳಿ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲೇ ಕೋಟು ಮತ್ತು ಹೆಸರಿನ ಬ್ಯಾಡ್ಜ್ ಇರಬೇಕು ಅಂತಿದೆ. ಮೊದಲ ದಿನ ಜೊತೆಯ ಹುಡುಗರು ನಗಬಹುದು, ಗಿರಾಕಿಗಳು ನಗಲ್ಲ. ಬ್ಯಾಡ್ಜ್ ಮೇಲೆ ನಿಮ್ಮ ಹೆಸರನ್ನ ಕನ್ನಡದಲ್ಲಿ ಬರೆಸಿ, ಕೆಳಗೆ 'ಫಾರ್ಮಸಿಸ್ಟ್' ಅಂತ. ನನ್ನ ಅಂಗಡಿಗೆ ಬರುವ ಹೊಳೆನರಸೀಪುರ ಕಡೆಯ ಒಬ್ಬ ಅಜ್ಜ ಮೊದಲ ಸಲ ಅದನ್ನ ಅಕ್ಷರ ಅಕ್ಷರ ಸೇರಿಸಿ ಓದಿ, 'ಹಂಗಾದ್ರೆ ನಿನ್ನ ಕೇಳಬಹುದಲ್ಲವ್ವಾ' ಅಂತ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು, ಮನೆಯಲ್ಲಿದ್ದ ಮಾತ್ರೆಯನ್ನೆಲ್ಲ ಕೌಂಟರ್ ಮೇಲೆ ಸುರಿದರು. ಅದರಲ್ಲಿ ಒಂದೇ ಔಷಧಿ ಎರಡು ಬ್ರಾಂಡ್ ಹೆಸರಿನಲ್ಲಿ ಇತ್ತು, ಎರಡನ್ನೂ ದಿನಾ ನುಂಗುತ್ತಿದ್ದರು.